ಟಯರಿನ ಜಾತಕ

ಆಟೋದವರು ಬೈಯಲಿಲ್ಲ. ಬೈದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲವೋ ಏನೋ.

2025ರ ಮೇ ಕೊನೆಯ ವಾರ. ಆ ಸಲ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದುಬಿಟ್ಟಿತ್ತಲ್ಲ, ವಾಡಿಕೆಗಿಂತ ಎಂಟು ದಿನ ಮೊದಲು. ಅಪ್ಪನ ಕಣ್ಣು ತೋರಿಸಲು ಮಂಗಳೂರಿಗೆ ಹೋಗಿ ವಾಪಸ್ ಬರುತ್ತಿದ್ದೆವು. ನಾವು ಕಾಸರಗೋಡಿನವರಿಗೆ ಜ್ವರ ಜೋರಾದರೂ ಮಂಗಳೂರು, ಕಣ್ಣು ಮಂಜಾದರೂ ಮಂಗಳೂರು, ಅದು ಹೊಸ ವಿಷಯ ಅಲ್ಲ. ಕುಂಬಳೆಯಲ್ಲಿ ಹೈವೇ ಬಿಟ್ಟು ಬದಿಯಡ್ಕದ ರಸ್ತೆ ಹಿಡಿದು ಸೀತಾಂಗೋಳಿ ಹತ್ತಿರ ಬರುವಾಗ ಮಳೆ ಹಿಡಿಯಿತು. ತಿರುವು, ಸ್ವಲ್ಪ ಇಳಿಜಾರು, ಎದುರಿಗೆ ಜನ ಇಳಿಸಲು ನಿಂತ ಆಟೋ. ನಾನು ನಲವತ್ತೈದರಲ್ಲಿ ಇದ್ದೆ, ಜಾಸ್ತಿ ಅಲ್ಲ. ಬ್ರೇಕ್ ಒತ್ತಿದೆ. ಕಾರು ನಿಲ್ಲಲಿಲ್ಲ. ಚಕ್ರ ನಿಂತಿತು, ಕಾರು ಮಾತ್ರ ಹೋಗುತ್ತಲೇ ಇತ್ತು, ಸಾಬೂನು ಹಾಕಿದ ನೆಲದ ಮೇಲೆ ತಂಬಿಗೆ ಜಾರಿದ ಹಾಗೆ. ಪಕ್ಕದಲ್ಲಿ ಅಪ್ಪನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಹಿಂದೆ ಅಮ್ಮ ಮಾತ್ರೆಯ ಚೀಲ ಹಿಡಿದುಕೊಂಡು 'ದೇವರೇ' ಅಂದದ್ದು ಕೇಳಿಸಿತು. ಬ್ರೇಕ್ ಸ್ವಲ್ಪ ಬಿಟ್ಟು ಮತ್ತೆ ಒತ್ತಿದೆ. ಆಟೋದ ಹಿಂದೆ ಒಂದು ಮೊಳ ದೂರದಲ್ಲಿ ನಿಂತಿತು.

ಆಟೋದವರು ಇಳಿದು ಬಂದರು. ಆ ಒಂದು ಮೊಳವನ್ನು ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ಮಳೆಯಲ್ಲೇ ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ಹೆಬ್ಬೆರಳಿನ ಉಗುರನ್ನು ಟಯರಿಗೆ ಒತ್ತಿದರು. ಉಗುರು ಊರಲಿಲ್ಲ. "ಟಯರ್ ಕಲ್ಲ್ ಪೋಲೆ ಆಯಿ, ಚೇಚೀ" ಅಂದರು. ಕಲ್ಲಿನ ಹಾಗಾಗಿದೆ ಅಂತ. ಅಪ್ಪ ಕಿಟಕಿ ಇಳಿಸಿ, ಮೇಷ್ಟ್ರ ದನಿಯಲ್ಲಿ, "ಗ್ರಿಪ್ ಇನ್ನೂ ಅರ್ಧ ಉಂಟಲ್ಲ" ಅಂದರು.

ಅಪ್ಪ ಹೇಳಿದ್ದು ಸುಳ್ಳಲ್ಲ. ಮನೆಗೆ ಬಂದು ಅಳೆದು ನೋಡಿದೆ. ಗೀರಿನ ಆಳ ನಾಲ್ಕು ಮಿಲಿಮೀಟರ್ ಹತ್ತಿರ ಇತ್ತು. ಹೊಸ ಟಯರಿನಲ್ಲಿ ಏಳೆಂಟು ಇರುತ್ತದೆ. ಕಾನೂನು ಕೇಳುವುದು 1.6 ಮಿಲಿಮೀಟರ್. ಟಯರಿನ ಪಕ್ಕದಲ್ಲಿ ಸಣ್ಣ ತ್ರಿಕೋನದ ಗುರುತು ಇರುತ್ತದೆ, ಅದರ ನೇರಕ್ಕೆ ಗೀರಿನೊಳಗೆ ಹುಡುಕಿದರೆ ಒಂದು ಚಿಕ್ಕ ದಿಬ್ಬ ಸಿಗುತ್ತದೆ. ಟಯರ್ ಸವೆದು ಆ ದಿಬ್ಬಕ್ಕೆ ಸಮ ಆದರೆ ಮುಗಿಯಿತು, ಬದಲಿಸಲೇಬೇಕು. ನಮ್ಮದು ಆ ಲೆಕ್ಕದಲ್ಲಿ ಆರಾಮವಾಗಿ ಪಾಸು.

ತೊಂದರೆ ಎಲ್ಲಿದೆ ಅಂದರೆ, ನಾವು ಗೀರಿಗೂ ಗ್ರಿಪ್ ಅನ್ನುತ್ತೇವೆ, ಹಿಡಿತಕ್ಕೂ ಗ್ರಿಪ್ ಅನ್ನುತ್ತೇವೆ. ಗೀರು ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ನೀರು ಹೋದ ಮೇಲೆ ರಸ್ತೆಯನ್ನು ಹಿಡಿಯಬೇಕಾದದ್ದು ರಬ್ಬರ್. ಡಾಂಬರಿನ ಸಣ್ಣ ಸಣ್ಣ ಉಬ್ಬುತಗ್ಗಿಗೆ ರಬ್ಬರ್ ಒತ್ತಿ ಕೂತರೆ ಮಾತ್ರ ಹಿಡಿತ. ಗಟ್ಟಿಯಾದ ರಬ್ಬರ್ ಕೂರುವುದಿಲ್ಲ, ಮೇಲಿಂದ ಮೇಲೆ ಜಾರುತ್ತದೆ. ಒಣ ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಮೊದಲ ಮಳೆಗೆ ಗೊತ್ತಾಗುತ್ತದೆ.

ಕಾರಿನ ಬಗ್ಗೆ ಹೇಳಬೇಕು. 2010ರ ಸ್ವಿಫ್ಟ್, ಡೀಸೆಲ್, ಕೆಎಲ್ 14. ಕನ್ನಡ ಮಾಧ್ಯಮ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಅಪ್ಪ ನಿವೃತ್ತಿಯಾದ ವರ್ಷ ತೆಗೆದುಕೊಂಡದ್ದು. ಡ್ಯಾಶ್‌ಬೋರ್ಡ್ ಒಳಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಡೀಸೆಲ್ ಹಾಕಿಸಿದ್ದು, ಆಯಿಲ್ ಬದಲಿಸಿದ್ದು, ಪಂಕ್ಚರ್ ಆದದ್ದು, ಎಲ್ಲದಕ್ಕೂ ತಾರೀಕು, ಕಿಲೋಮೀಟರ್, ರೂಪಾಯಿ. ಹಾಜರಿ ಪುಸ್ತಕ ಬರೆದ ಕೈ, ಸುಮ್ಮನಿರಲಿಕ್ಕಾಗುವುದಿಲ್ಲ. ಕಣ್ಣಿನ ಕಾರಣಕ್ಕೆ ಎರಡು ವರ್ಷದಿಂದ ಅಪ್ಪ ಓಡಿಸುವುದಿಲ್ಲ, ನಾನು ಓಡಿಸುತ್ತೇನೆ. ಆದರೂ ನೋಟ್‌ಬುಕ್ ಬರೆಯುವುದು ಅವರೇ. ಅದರಲ್ಲಿ ಹುಡುಕಿದೆ: '2016 ಮೇ, ಟಯರ್ 4, 41,300 ಕಿ.ಮೀ.' ಈಗ ಮೀಟರಿನಲ್ಲಿ 86,000. ಅಂದರೆ ಒಂಬತ್ತು ವರ್ಷಕ್ಕೆ ನಲವತ್ತೈದು ಸಾವಿರ ಕಿಲೋಮೀಟರೂ ಆಗಿಲ್ಲ. ವರ್ಷಕ್ಕೆ ಐದು ಸಾವಿರ. ನಾನು ಕೆಲಸಕ್ಕೆ ಬಸ್ಸಿನಲ್ಲಿ ಹೋಗುವವಳು. ಕಾರು ಹೊರಡುವುದು ಮದುವೆಗೆ, ಪೂಜೆಗೆ, ಮಂಗಳೂರಿನ ಆಸ್ಪತ್ರೆಗೆ.

ಟಯರ್ ಯಾವಾಗ ತಯಾರಾಯಿತು ಅಂತ ಟಯರಿನ ಮೇಲೆಯೇ ಬರೆದಿರುತ್ತದೆ. ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಅಕ್ಷರಗಳ ಸಾಲು, ಅದರ ಕೊನೆಗೆ ನಾಲ್ಕು ಅಂಕಿ. ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ. ಅದನ್ನು ನೋಡಲು ನಾನು ಟಾರ್ಚ್ ಹಿಡಿದು ಕಾರಿನ ಅಡಿಗೆ ಅರ್ಧ ನುಗ್ಗಬೇಕಾಯಿತು, ಯಾಕೆಂದರೆ ಪೂರ್ತಿ ಸಾಲು ಎಷ್ಟೋ ಟಯರುಗಳಲ್ಲಿ ಒಂದೇ ಪಕ್ಕದಲ್ಲಿ ಇರುತ್ತದೆ, ಆ ಪಕ್ಕ ಒಳಗೆ ಹೋಗಿದ್ದರೆ ಹೊರಗಿನಿಂದ ಕಾಣುವುದಿಲ್ಲ. 1416. ಅಂದರೆ 2016ರ ಹದಿನಾಲ್ಕನೇ ವಾರ, ಏಪ್ರಿಲ್ ಆರಂಭ. ಟಾರ್ಚಿನ ಬೆಳಕಿನಲ್ಲಿ ಇನ್ನೊಂದು ವಿಷಯ ಕಂಡಿತು. ಟಯರಿನ ಪಕ್ಕದ ಮೈಮೇಲೆಲ್ಲ ಕೂದಲೆಳೆಯಂಥ ಬಿರುಕು, ಬೇಸಗೆಯಲ್ಲಿ ಅಂಗಳದ ಸೆಗಣಿ ಸಾರಿಸಿದ ನೆಲ ಬಿರಿದ ಹಾಗೆ. ದಿನಾ ನೋಡುವ ಟಯರ್. ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ.

ಐದು ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ಟಯರ್ ಅಂಗಡಿಯಲ್ಲಿ ತೋರಿಸಬೇಕು, ಗೀರು ಎಷ್ಟೇ ಉಳಿದಿದ್ದರೂ ಹತ್ತು ವರ್ಷಕ್ಕೆ ಬಿಸಾಡಬೇಕು ಅಂತ ದೊಡ್ಡ ಟಯರ್ ಕಂಪೆನಿಗಳೇ ಹೇಳುತ್ತವೆ. ನಮ್ಮ ಸೆಕೆಯಲ್ಲಿ ಹತ್ತರವರೆಗೆ ಕಾಯುವುದು ನನಗೆ ಸರಿ ಅನಿಸುವುದಿಲ್ಲ. ಬಿಸಿಲು, ಬಿಸಿ, ಗಾಳಿಯಲ್ಲಿರುವ ಓಜೋನ್ ಎಲ್ಲ ಸೇರಿ ರಬ್ಬರನ್ನು ಒಣಗಿಸುತ್ತವೆ. ಇದನ್ನು ತಡೆಯಲು ರಬ್ಬರಿನೊಳಗೆ ಮೇಣ ಬೆರೆಸಿರುತ್ತಾರಂತೆ. ಚಕ್ರ ತಿರುಗುವಾಗ ಟಯರ್ ಬಾಗಿ ಅಗಲಿ ಆ ಮೇಣ ಮೇಲೆ ಬರುತ್ತದೆ, ಒಂದು ಪದರ ಕಟ್ಟುತ್ತದೆ. ಓಡದ ಕಾರಿನಲ್ಲಿ ಅದು ನಡೆಯುವುದಿಲ್ಲ. ನಿಂತ ಟಯರ್ ಓಡುವ ಟಯರಿಗಿಂತ ಬೇಗ ಬಿರಿಯುವುದು ಹಾಗೆ. 2020ರ ಮಾರ್ಚಿನಲ್ಲಿ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು ನಮ್ಮ ಕಡೆ ಯಾರೂ ಮರೆತಿಲ್ಲ. ಆಗ ನಮ್ಮ ಕಾರು ಶೆಡ್ಡಿನಲ್ಲಿ ಎಷ್ಟೋ ವಾರ ಒಂದೇ ಜಾಗದಲ್ಲಿ ನಿಂತಿತ್ತು. ಹೊರಗೆ ತೆಗೆದಾಗ ಮೊದಲ ಎರಡು ಕಿಲೋಮೀಟರ್ ಧಡ್ ಧಡ್ ಅಂತ ಕುಲುಕಿತ್ತು, ಕೂತ ಜಾಗ ಚಪ್ಪಟೆಯಾಗಿ. ಆಮೇಲೆ ಸರಿಯಾಯಿತು ಅಂದುಕೊಂಡಿದ್ದೆವು.

ಇದರಲ್ಲಿ ನನಗೆ ನಾಚಿಕೆಯಾಗುವ ಸಂಗತಿ ಒಂದಿದೆ. ನಾವು ರಬ್ಬರ್ ಬೆಳೆಯುವವರು. ದೊಡ್ಡ ತೋಟ ಏನಲ್ಲ, ಮನೆಯ ಹಿಂದಿನ ಗುಡ್ಡೆಯಲ್ಲಿ ನೂರೈವತ್ತು ಮರ. ಅಪ್ಪ ಗೇರು ಕಡಿಸಿ ನೆಟ್ಟದ್ದು. ಹಾಲು ತೆಗೆದು, ಆಸಿಡ್ ಹಾಕಿ ಗಟ್ಟಿ ಮಾಡಿ, ಮೆಷಿನಿಗೆ ಕೊಟ್ಟು ಶೀಟ್ ಮಾಡಿ, ಹೊಗೆಗೂಡಿನಲ್ಲಿ ಒಣಗಿಸಿ ಮಾರುವವರು. ಹೊಗೆ ಹಾಕದ ಹಸಿ ಶೀಟ್ ಸೆಕೆಗೆ ಅಂಟುತ್ತದೆ, ಬಿಸಿಲಿಗೆ ಬಿಟ್ಟರೆ ಹಾಳಾಗುತ್ತದೆ ಅಂತ ಹತ್ತು ವರ್ಷದ ಹುಡುಗಿಯಾಗಿದ್ದಾಗಲೇ ನನಗೆ ಗೊತ್ತಿತ್ತು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಬಿಸಿ ಮಾಡಿದ ಮೇಲೆ ಅಲ್ವಾ ರಬ್ಬರ್ ಉಪಯೋಗಕ್ಕೆ ಬಂದದ್ದು, ಅದಕ್ಕೆ ಮೊದಲು ಸೆಕೆಗೆ ಕರಗುತ್ತಿತ್ತು, ಚಳಿಗೆ ಒಡೆಯುತ್ತಿತ್ತು. ಇದನ್ನೆಲ್ಲ ಅಪ್ಪ ಕ್ಲಾಸಿನಲ್ಲಿ ಪಾಠ ಮಾಡಿದವರು. ಅಂಥ ಮನೆಯಲ್ಲಿ, ರಬ್ಬರಿಗೂ ವಯಸ್ಸಾಗುತ್ತದೆ ಅಂತ ಹೇಳಲು ದಾರಿಯಲ್ಲಿ ಸಿಕ್ಕಿದ ಆಟೋದವರೇ ಬೇಕಾಯಿತು.

ಅಂತೂ ಟಯರ್ ಬದಲಿಸಬೇಕು ಅಂತಾಯಿತು. ಇನ್ನೊಂದು ಅವಸರವೂ ಇತ್ತು. ಜುಲೈಗೆ ಕಾರಿಗೆ ಹದಿನೈದು ತುಂಬುತ್ತದೆ. ಆರ್‌ಸಿ ಮತ್ತೆ ಐದು ವರ್ಷಕ್ಕೆ ನವೀಕರಿಸಬೇಕಾದರೆ ಆರ್‌ಟಿಒ ಮುಂದೆ ಕಾರು ತೋರಿಸಬೇಕು, ಹಸಿರು ತೆರಿಗೆ ಕಟ್ಟಬೇಕು. ಮಾರಿಬಿಡುವುದು ಒಳ್ಳೆಯದಾ, ಟಯರ್ ಹಾಕಿಸುವುದು ಒಳ್ಳೆಯದಾ ಅಂತ ಮನೆಯಲ್ಲಿ ಮಾತು ಬಂತು. ಮಾತು ಅಂದರೆ, ನಾನು ಕೇಳಿದೆ, ಅಪ್ಪ ಎದ್ದು ಹೊಗೆಗೂಡಿನ ಕಡೆ ಹೋದರು. ಮಾರುವುದಿಲ್ಲ ಅಂತ ಅರ್ಥ.

ಮೊದಲು ಹೋದದ್ದು ಪೇಟೆಯ ಒಂದು ದೊಡ್ಡ ಅಂಗಡಿಗೆ. ಏಸಿ, ಸೋಫಾ, ಗಾಜಿನ ಬಾಗಿಲು. ಅಲ್ಲಿದ್ದವರು ನನ್ನನ್ನು ನೋಡಿ "ಮನೆಯವರು ಬರಲಿಲ್ವಾ?" ಅಂದರು. ಆಮೇಲೆ ಇಡೀ ಹೊತ್ತು ನನ್ನ ಭುಜದ ಮೇಲಿಂದ ಅಪ್ಪನ ಹತ್ತಿರ ಮಾತಾಡಿದರು. ಅಪ್ಪನಿಗೆ ಎದುರಿನ ಬೋರ್ಡೇ ಸರಿ ಕಾಣುತ್ತಿರಲಿಲ್ಲ. ಅವರು ಒಂದು ಟಯರ್ ಎತ್ತಿ ತಂದು ಅದರ ಮೇಲೆ ತಟ್ಟಿ, "ಇದು ಆಲ್ ಸೀಸನ್, ಸಾರ್, ಎಲ್ಲ ಕಾಲಕ್ಕೂ ಆಗ್ತದೆ" ಅಂದರು.

ಎಲ್ಲ ಕಾಲ ಅಂದರೆ ಯಾವ ಕಾಲ? ನನ್ನ ತಮ್ಮ ಇರುವುದು ಕೆನಡಾದ ಮಾಂಟ್ರಿಯಲ್‌ನಲ್ಲಿ. ಅವರ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟಯರ್ ಹಾಕದೆ ಕಾರು ರಸ್ತೆಗೆ ಇಳಿಸುವ ಹಾಗಿಲ್ಲ. ಅವನ ಹತ್ತಿರ ಎರಡು ಸೆಟ್ ಇದೆ. ನಮ್ಮಲ್ಲಿ ಕಂಬಳಿಯನ್ನು ಅಟ್ಟಕ್ಕೆ ಹಾಕಿದ ಹಾಗೆ ಅಲ್ಲಿ ಟಯರನ್ನು ಗ್ಯಾರೇಜಿಗೆ ಹಾಕುತ್ತಾರೆ. ಬೇಸಗೆಯ ಟಯರಿನ ರಬ್ಬರ್ ಸುಮಾರು ಏಳು ಡಿಗ್ರಿಗಿಂತ ಕೆಳಗೆ ಹೋದರೆ ಬಿಗಿಯಾಗುತ್ತದೆ, ಚಳಿಗಾಲದ್ದು ಅಲ್ಲೂ ಮೆತ್ತಗೆ ಇರುತ್ತದೆ. ಎರಡರ ನಡುವಿನದು ಆಲ್ ಸೀಸನ್: ಎರಡಕ್ಕೂ ಸ್ವಲ್ಪ ಸ್ವಲ್ಪ, ಎರಡರಲ್ಲೂ ಪೂರ್ತಿ ಅಲ್ಲ. ಅದರ ಮೇಲೆ ಎಂ ಪ್ಲಸ್ ಎಸ್ ಅಂತ ಇರುತ್ತದೆ, ಅಂದರೆ ಕೆಸರು ಮತ್ತು ಹಿಮ. ನಿಜವಾದ ಹಿಮದ ಪರೀಕ್ಷೆ ಪಾಸಾದದ್ದಕ್ಕೆ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹೂವಿನ ಚಿತ್ರ. ಫೋನಿನಲ್ಲಿ ತಮ್ಮನಿಗೆ ಇಲ್ಲಿಯ ಕತೆ ಹೇಳಿದೆ. "ಅಕ್ಕ, ನಿಮ್ಮಲ್ಲಿ ಏಳು ಡಿಗ್ರಿ ಫ್ರಿಜ್ಜಿನೊಳಗೆ ಮಾತ್ರ" ಅಂತ ನಕ್ಕ.

ನಮ್ಮಲ್ಲಿ ಕಾಲ ಎರಡೇ. ಮಳೆ, ಮತ್ತೆ ಸೆಕೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆ ಇದು. ಟಯರಿಗೆ ಪರೀಕ್ಷೆ ಇರುವುದು ಜೂನಿನಿಂದ ಸೆಪ್ಟೆಂಬರ್, ಆಮೇಲೆ ಅಕ್ಟೋಬರ್-ನವೆಂಬರಿನ ತುಲಾ ಮಳೆಯ ಸಂಜೆಗಳು. ಸೆಕೆ ಮಾಡುವ ಕೆಲಸ ಬೇರೆ, ಟಯರನ್ನು ಒಳಗಿನಿಂದ ಮುದುಕ ಮಾಡುವುದು. ಇಲ್ಲಿ ಅಂಗಡಿಯಲ್ಲಿ ಸಿಗುವ ಕಾರಿನ ಟಯರುಗಳು ಹೆಚ್ಚಾಗಿ ಬೇಸಗೆ ಮತ್ತು ಮಳೆಗೆ ಮಾಡಿದವೇ, ಹಾಗಾಗಿ ಆಲ್ ಸೀಸನ್ ಅಂತ ಹೇಳಿ ತಟ್ಟುವುದರಲ್ಲಿ ದೊಡ್ಡ ಅರ್ಥ ಏನಿಲ್ಲ. ಒದ್ದೆ ರಸ್ತೆಯಲ್ಲಿ ಹೇಗೆ ಅಂತ ಕೇಳಬೇಕು, ಅಷ್ಟೇ.

ಕೇಳಿದೆ. "ಒಂದು ಲಕ್ಷ ಕಿಲೋಮೀಟರ್ ಬರ್ತದೆ" ಅಂತ ಉತ್ತರ ಬಂತು. ನಾನು ಕೇಳಿದ್ದು ಬೇರೆ, ಅವರು ಹೇಳಿದ್ದು ಬೇರೆ. ಆಮೇಲೆ ಬಗ್ಗಿ ನಾಲ್ಕು ಅಂಕಿ ಹುಡುಕಿದೆ. 3921. 2021ರ ಸೆಪ್ಟೆಂಬರ್ ಕೊನೆ. ಮೂರೂವರೆ ವರ್ಷ ಹಳೆಯದು. "ಗೋದಾಮಿನಲ್ಲೇ ಇದ್ದದ್ದು, ಬಿಸಿಲು ತಾಗಿಲ್ಲ, ಮೇಡಂ. ಬೇಕಾದರೆ ಐನೂರು ಕಡಿಮೆ ಮಾಡ್ತೇನೆ" ಅಂದರು. ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ್ದು ಆಗ. ಅವರು ಹೇಳಿದ್ದರಲ್ಲಿ ಸ್ವಲ್ಪ ನಿಜ ಇದೆ, ನೆರಳಿನಲ್ಲಿ ಇಟ್ಟ ಟಯರ್ ಅಷ್ಟು ಬೇಗ ಹಾಳಾಗುವುದಿಲ್ಲ. ದಿನಾ ನೂರು ಕಿಲೋಮೀಟರ್ ಓಡುವ ಟ್ಯಾಕ್ಸಿಗೆ ಅದು ಒಳ್ಳೆ ವ್ಯಾಪಾರ, ಎರಡು ವರ್ಷದೊಳಗೆ ಸವೆದೇ ಹೋಗುತ್ತದೆ. ನಮ್ಮ ಕಾರಿನ ಟಯರ್ ಸವೆಯುವುದಿಲ್ಲ, ಮುದಿಯಾಗುತ್ತದೆ. ನಾವು ಕೊಂಡುಕೊಳ್ಳುವುದು ಕಿಲೋಮೀಟರ್ ಅಲ್ಲ, ವರ್ಷ. ಅದರಲ್ಲೇ ಮೂರೂವರೆ ತಿಂದು ಉಳಿದದ್ದನ್ನು ಕೊಟ್ಟರೆ ಐನೂರು ರೂಪಾಯಿ ಯಾವ ಮೂಲೆಗೆ?

ಬಾಗಿಲು ದಾಟುವಾಗ ಅಲ್ಲಿಯ ಹುಡುಗನೊಬ್ಬ "185 ಹಾಕಿಸಿ ಮೇಡಂ, ಅಗಲ ಇರ್ತದೆ, ಲುಕ್ ಬರ್ತದೆ" ಅಂದ. ನಮ್ಮದು 165/80 ಆರ್14. ಇದೇ ಸ್ವಿಫ್ಟಿನ ಮೇಲಿನ ಮಾಡೆಲಿಗೆ ಕಂಪೆನಿಯವರೇ 185/70 ಆರ್14 ಕೊಡುತ್ತಿದ್ದರು, ಹಾಗಾಗಿ ಹುಡುಗ ಹೇಳಿದ್ದು ಅಡ್ಡಾದಿಡ್ಡಿ ಅಲ್ಲ. ರಾತ್ರಿ ಕೂತು ಲೆಕ್ಕ ಹಾಕಿದೆ. 165 ಅಂದರೆ ಅಗಲ ಮಿಲಿಮೀಟರಿನಲ್ಲಿ, ಅದರ ನೂರಕ್ಕೆ 80 ಎತ್ತರ, ಅಂದರೆ 132. ಮೇಲೆ ಕೆಳಗೆ ಸೇರಿ 264, ನಡುವೆ 14 ಇಂಚಿನ ರಿಮ್ಮು, ಒಟ್ಟು 620 ಮಿಲಿಮೀಟರ್ ಹತ್ತಿರ. 185/70ಕ್ಕೆ ಹೀಗೇ ಮಾಡಿದರೆ 615. ಐದು ಮಿಲಿಮೀಟರ್ ವ್ಯತ್ಯಾಸ, ಸ್ಪೀಡೋಮೀಟರಿಗೆ ಗೊತ್ತೂ ಆಗುವುದಿಲ್ಲ. ಅಗಲ ಟಯರ್ ಒಣ ರಸ್ತೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ, ತಿರುವಿನಲ್ಲಿ ವಾಲುವುದಿಲ್ಲ. ಆದರೆ ನಿಂತ ನೀರಿನ ಮೇಲೆ ಅಗಲ ಇದ್ದಷ್ಟೂ ತೇಲುವುದು ಬೇಗ. ತೆಳ್ಳಗಿನದು ಕತ್ತಿಯ ಹಾಗೆ ನೀರು ಸೀಳಿಕೊಂಡು ಹೋಗುತ್ತದೆ. ನನಗೆ ಬೇಕಾದದ್ದು ಅದು. ಅಪ್ಪನನ್ನು ಕೇಳಿದರೆ ಅವರದ್ದು ಇನ್ನೂ ಸರಳ: "ಬರುವಾಗ ಯಾವುದಿತ್ತೋ ಅದು."

ಎರಡನೇ ಅಂಗಡಿ ನಮ್ಮ ಕಡೆಯದೇ, ರಸ್ತೆ ಬದಿಯ ತಗಡಿನ ಮಾಡು. ಯಜಮಾನರನ್ನು ಎಲ್ಲರೂ ಹಾಜಿ ಅಂತಲೇ ಕರೆಯುವುದು. ಅವರ ಇಬ್ಬರು ಮಕ್ಕಳು ಅಪ್ಪನ ಕೈಯಲ್ಲಿ ಅ ಆ ಇ ಈ ಕಲಿತವರು. ಅಪ್ಪ ಇಳಿದ ಕೂಡಲೇ ಕುರ್ಚಿ ಬಂತು, ಚಾ ಬಂತು. ಅವರು ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಮಾಷೇ, ವರ್ಷಕ್ಕೆ ಎಷ್ಟು ಓಡ್ತದೆ?"

ನಾನು ಐದು ಸಾವಿರ ಅಂದೆ. ಅಪ್ಪ ನೋಟ್‌ಬುಕ್ ತೆಗೆದು 4,960 ಅಂದರು.

ಹಾಜಿ ಎರಡು ಟಯರ್ ತೋರಿಸಿದರು. ಒಂದು ಗಟ್ಟಿ ರಬ್ಬರಿನದು, ಜಾಸ್ತಿ ಕಿಲೋಮೀಟರ್ ಬರುವಂಥದ್ದು, ಟ್ಯಾಕ್ಸಿಯವರು ಕೇಳಿ ಪಡೆಯುವಂಥದ್ದು. ಇನ್ನೊಂದು ಮೆತ್ತಗಿನದು, ಬೇಗ ಸವೆಯುತ್ತದೆ, ಒದ್ದೆಯಲ್ಲಿ ಹಿಡಿಯುತ್ತದೆ. ಮೆತ್ತಗಿನದು ಒಂದಕ್ಕೆ ಇನ್ನೂರು ಜಾಸ್ತಿ. ಎರಡಕ್ಕೂ ಹೆಬ್ಬೆರಳ ಉಗುರು ಒತ್ತಿ ನೋಡಿದೆ. ಮೆತ್ತಗಿನದರಲ್ಲಿ ಸಣ್ಣ ಗುರುತು ಬಿದ್ದು ನಿಧಾನಕ್ಕೆ ಮಾಯವಾಯಿತು. ಉಗುರಿನ ಪರೀಕ್ಷೆ ಶಾಸ್ತ್ರಕ್ಕೆ ಸರಿಯೋ ಅಲ್ಲವೋ, ಮನಸ್ಸಿಗೆ ಸಮಾಧಾನ ಆಯಿತು. ಐದು ಸಾವಿರದ ಲೆಕ್ಕದಲ್ಲಿ ಐದು ವರ್ಷಕ್ಕೆ ಇಪ್ಪತ್ತೈದು ಸಾವಿರ ಕಿಲೋಮೀಟರ್. ಬೇಗ ಸವೆಯುವ ಟಯರನ್ನೂ ನಮ್ಮಿಂದ ಸವೆಸಿ ಮುಗಿಸಲಿಕ್ಕಾಗುವುದಿಲ್ಲ. ಹಾಗಿರುವಾಗ ಜಾಸ್ತಿ ಬಾಳಿಕೆಗೆ ಯಾಕೆ ದುಡ್ಡು ಕೊಡಬೇಕು, ಯಾಕೆ ಹಿಡಿತ ಬಿಟ್ಟುಕೊಡಬೇಕು?

ಪಕ್ಕದ ಅಂಕಿ 0825. ಫೆಬ್ರವರಿಯದು. ಮೂರೂವರೆ ತಿಂಗಳ ಮಗು. ಐಎಸ್ಐ ಗುರುತು ಇತ್ತು. ಅಳತೆಯ ಪಕ್ಕ 85ಟಿ ಅಂತ. 85 ಅಂದರೆ ಒಂದು ಟಯರ್ 515 ಕಿಲೋ ಹೊರುತ್ತದೆ, ಟಿ ಅಂದರೆ ಗಂಟೆಗೆ 190 ಕಿಲೋಮೀಟರ್ ವೇಗದವರೆಗೆ. ನಮ್ಮ ಕಾರು ಅಷ್ಟು ಓಡಿದ್ದರೆ ಅದು ಯಾವುದೋ ಗುಡ್ಡೆಯಿಂದ ಕೆಳಗೆ ಬೀಳುವಾಗ ಮಾತ್ರ.

ಬ್ರಾಂಡ್ ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಅಪ್ಪನಿಗೆ ಎಂಆರ್‌ಎಫ್ ಮೇಲೆ ಪ್ರೀತಿ, ಅದಕ್ಕೆ ಸಚಿನ್ ತೆಂಡೂಲ್ಕರ್ ಬ್ಯಾಟಿನ ಸ್ಟಿಕ್ಕರ್ ಕಾರಣ ಅಂತ ಅಮ್ಮ ಹೇಳುತ್ತಾರೆ. 1946ರಲ್ಲಿ ಮಲಯಾಳಿ ಒಬ್ಬರು ಮದರಾಸಿನಲ್ಲಿ ಆಟಿಕೆ ಬಲೂನು ಮಾಡುತ್ತ ಶುರು ಮಾಡಿದ ಕಂಪೆನಿ ಅದು ಅಂತ ಅಪ್ಪ ಸಮಜಾಯಿಷಿ ಕೊಡುತ್ತಾರೆ. ನನಗಂತೂ ಅಳತೆ ಸರಿ ಇದ್ದು, ತಾರೀಕು ಹೊಸದಿದ್ದು, ಒದ್ದೆಗೆ ಮಾಡಿದ್ದಾದರೆ ಹೆಸರು ಯಾವುದಾದರೂ ಆದೀತು.

ಒಂದಕ್ಕೆ 4,700. ಅಪ್ಪ ಯಾವುದನ್ನೂ ರೂಪಾಯಿಯಲ್ಲಿ ಯೋಚಿಸುವುದಿಲ್ಲ, ಶೀಟಿನಲ್ಲಿ ಯೋಚಿಸುತ್ತಾರೆ. ಆಗ ನಮ್ಮ ಕಡೆ ಅಂಗಡಿಯವರು ಕಿಲೋಗೆ 190 ಕೊಡುತ್ತಿದ್ದರು. "ಇಪ್ಪತ್ತೈದು ಕಿಲೋ ಶೀಟ್" ಅಂದರು ಅಪ್ಪ ಕಣ್ಣು ಮುಚ್ಚಿಕೊಂಡು. ಟಯರಿನ ತೂಕ ಏಳೆಂಟು ಕಿಲೋ ಇರಬಹುದು. ಅದರಲ್ಲೂ ಮರದ ರಬ್ಬರ್ ಸ್ವಲ್ಪವೇ, ಉಳಿದದ್ದು ಕಾರ್ಖಾನೆಯಲ್ಲಿ ಮಾಡಿದ ರಬ್ಬರ್, ಕಪ್ಪು ಮಸಿ, ಉಕ್ಕಿನ ತಂತಿ, ನೂಲು. ಲಾರಿಯ ಟಯರಿನಲ್ಲಾದರೆ ಮರದ್ದು ಜಾಸ್ತಿ. 2011ರಲ್ಲಿ ಶೀಟ್ 240ರ ಆಸುಪಾಸು ಹೋದಾಗ ಗುಡ್ಡೆಯಲ್ಲಿ ಜಾಗ ಇದ್ದವರೆಲ್ಲ ರಬ್ಬರ್ ನೆಟ್ಟರು, ಹಾಲು ಕೊಡಲು ಏಳು ವರ್ಷ ಬೇಕಲ್ಲ, ಅಷ್ಟರೊಳಗೆ, 2016ರ ಆರಂಭದಲ್ಲಿ, ಅದು ನೂರರ ಕೆಳಗೆ ಬಿದ್ದಿತ್ತು. ನಮ್ಮ ಹಿಂದಿನ ಟಯರ್ ಕೊಂಡದ್ದೂ ಅದೇ ವರ್ಷ. ಶೀಟಿನ ರೇಟು ಇಳಿದ ಹಾಗೆ ಟಯರಿನ ರೇಟು ಇಳಿದಿತ್ತಾ ಅಂತ ಅಪ್ಪ ಹಾಜಿಯನ್ನು ಕೇಳಿದರು. ಹಾಜಿ ಚಾ ಕುಡಿದರು.

"ಈಗ ಎರಡು ಹಾಕಿಸುವ, ಮಳೆ ಮುಗಿದ ಮೇಲೆ ಇನ್ನೆರಡು" ಅಂತ ಅಪ್ಪ. ಅದಕ್ಕೆ ನಾನು ಒಪ್ಪಬಹುದಿತ್ತು, ಆದರೆ ಆ ಎರಡು ಎಲ್ಲಿ ಹಾಕುವುದು? ಮುಂದಿನ ಚಕ್ರ ಎಳೆಯುವ ಕಾರು, ಎಂಜಿನ್ ಭಾರ ಮುಂದೆ, ಸ್ಟೇರಿಂಗ್ ಮುಂದೆ. ಹೊಸದು ಮುಂದೆ ಅಂತ ಯಾರಾದರೂ ಹೇಳುತ್ತಾರೆ, ಅಪ್ಪನೂ ಹೇಳಿದರು. ಆದರೆ ಎರಡೇ ಹಾಕುವುದಾದರೆ ಹೊಸದು ಹಿಂದೆ ಹಾಕಬೇಕು ಅಂತ ಟಯರ್ ಕಂಪೆನಿಗಳು ಹೇಳುವುದು. ಮುಂದಿನದು ಜಾರಿದರೆ ಕಾರು ನೇರ ಹೋಗುತ್ತದೆ, ಕಾಲು ತೆಗೆದರೆ ಮತ್ತೆ ಹಿಡಿಯುವ ಸಾಧ್ಯತೆ ಇದೆ. ಹಿಂದಿನದು ಜಾರಿದರೆ ಕಾರು ಬಾಲ ಬೀಸುತ್ತದೆ, ಗಿರಕಿ ಹೊಡೆಯುತ್ತದೆ, ಅದನ್ನು ಸರಿಮಾಡುವುದು ನನ್ನಂಥವರ ಕೈಯಲ್ಲಿ ಆಗುವ ಕೆಲಸ ಅಲ್ಲ. ಇದನ್ನು ನಾನು ಅಂಗಡಿಯ ನೆಲದಲ್ಲಿ ನಾಲ್ಕು ಸಣ್ಣ ಕಲ್ಲಿಟ್ಟು ತೋರಿಸುತ್ತಿದ್ದೆ. ಹಾಗಾದರೆ ಮುಂದೆ ಕಲ್ಲಾದ ಟಯರೇ ಉಳಿಯುತ್ತದಲ್ಲ, ಸೀತಾಂಗೋಳಿಯ ಆಟ ಪುನಃ ಆಗುತ್ತದಲ್ಲ ಅಂತ ಅಪ್ಪನಿಗೇ ಹೊಳೆಯಿತು. ನಾಲ್ಕು ಅಂತಾಯಿತು.

ಅಷ್ಟರಲ್ಲಿ ಕೆಲಸದ ಹುಡುಗ ಡಿಕ್ಕಿ ತೆಗೆದು ಸ್ಟೆಪ್ನಿಯನ್ನು ಹೊರಗೆ ತಂದ. ಬಂಗಾಳದ ಕಡೆಯ ಹುಡುಗ. ಉರುಳಿಸಿಕೊಂಡು ಬಂದು ನಿಲ್ಲಿಸಿ, "ಏ ತೋ ನಯಾ ಹೈ" ಅಂದ.

ನಿಜ, ಹೊಸದೇ. ಗೀರುಗಳ ಅಂಚು ಹರಿತ. ಹೊಸ ಟಯರಿಗೆ ಸಣ್ಣ ರಬ್ಬರ್ ಕೂದಲು ಇರುತ್ತದಲ್ಲ, ಅಚ್ಚಿನಿಂದ ತೆಗೆಯುವಾಗ ಉಳಿಯುವಂಥದ್ದು, ಅದೂ ಹಾಗೇ ಇತ್ತು. ಹದಿನೈದು ವರ್ಷದಲ್ಲಿ ಪಂಕ್ಚರ್ ಆದದ್ದು ಮೂರು ಸಲ ಅಂತ ನೋಟ್‌ಬುಕ್ ಹೇಳುತ್ತದೆ. ಮೂರು ಸಲವೂ ಅಪ್ಪ ಗಾಳಿ ಹಾಕಿಸಿಕೊಂಡೇ ಅಂಗಡಿ ಮುಟ್ಟಿಸಿದ್ದರು, ಸ್ಟೆಪ್ನಿ ಮುಟ್ಟಿರಲಿಲ್ಲ. ಅಪ್ಪನ ಮುಖದಲ್ಲಿ ಒಂದು ಗೆಲುವು. "ಒಂದು ಸಲವೂ ನೆಲ ಮುಟ್ಟಿಲ್ಲ" ಅಂದರು. ನಾನು ಒಂದು ರಬ್ಬರ್ ಕೂದಲನ್ನು ಬೆರಳಿನಿಂದ ಬಗ್ಗಿಸಿದೆ. ಬಗ್ಗಲಿಲ್ಲ, ಪಟ್ ಅಂತ ತುಂಡಾಯಿತು, ಒಣಗಿದ ಹಿಡಿಕಡ್ಡಿಯ ಹಾಗೆ. ಪಕ್ಕದಲ್ಲಿ 2210. 2010ರ ಜೂನ್ ಆರಂಭ.

ಹಾಜಿ ಏನೂ ಹೇಳಲಿಲ್ಲ. ಐದನೆಯದು ಬೇಕಾ ಬೇಡವಾ ಅಂತ ನಾನೂ ಅಪ್ಪನೂ ಮುಖ ನೋಡಿಕೊಂಡೆವು. ಹಳೆಯ ನಾಲ್ಕರಲ್ಲಿ ಒಂದನ್ನು ಸ್ಟೆಪ್ನಿ ಮಾಡುವ ಅಂತ ಅಪ್ಪ. ಕಾರಿನೊಳಗೆ ಕೂತಿದ್ದ ಅಮ್ಮ ಅದುವರೆಗೆ ಬಾಯಿ ತೆರೆದಿರಲಿಲ್ಲ. "ನಾಲ್ಕು ಹಾಕುವಾಗ ಐದನೆಯದಕ್ಕೆ ಎಂತ ಲೆಕ್ಕ? ರಾತ್ರಿ ತಲಪಾಡಿಯಲ್ಲಿ ಪಂಕ್ಚರ್ ಆದರೆ ಆ ಕಲ್ಲು ಹಾಕಿಕೊಂಡು ಬರುವುದಾ? ಹಿಂದೆ ಕೂರುವುದು ನಾನಲ್ವಾ" ಅಂದರು.

ಐದು. 23,500. ನೂರಿಪ್ಪತ್ತು ಚಿಲ್ಲರೆ ಕಿಲೋ ಶೀಟ್, ಅಂದರೆ ನಮ್ಮ ನೂರೈವತ್ತು ಮರದ ಒಂದೂವರೆ ತಿಂಗಳ ಹಾಲು. ತಾರೀಕಿನ ಸಾಲು ಹೊರಗೆ ಬರುವ ಹಾಗೆ ಹಾಕಿಸಿದೆ. ಎರಡು ಪಕ್ಕವೂ ಒಂದೇ ರೀತಿ ಇರುವ ಟಯರಾದ್ದರಿಂದ ಅದು ಆಗುತ್ತದೆ, ಹೊರಗಿನ ಪಕ್ಕ ಇದು ಅಂತ ಬರೆದದ್ದಾದರೆ ಹಾಗೆ ತಿರುಗಿಸಬಾರದು. ವಾಲ್ವ್ ಎಲ್ಲ ಹೊಸದು. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್. ನೈಟ್ರೋಜನ್ ಹಾಕಲಾ ಅಂತ ಹುಡುಗ ಕೇಳಿದ. ಸುಮ್ಮನೆ ಹಾಕುವ ಗಾಳಿಯಲ್ಲೇ ನೂರಕ್ಕೆ 78 ನೈಟ್ರೋಜನ್ ಉಂಟು ಮಗಾ ಅಂತ ಅಪ್ಪ ಪಾಠ ಶುರು ಮಾಡಿದರು. ಹುಡುಗನಿಗೆ ಕನ್ನಡ ಗೊತ್ತಿರಲಿಲ್ಲ, ಆದರೂ ಪೂರ್ತಿ ಕೇಳಿದ.

ಮೊದಲ ನೂರಿನ್ನೂರು ಕಿಲೋಮೀಟರ್ ಜೋಪಾನ ಅಂದರು ಹಾಜಿ. ಹೊಸ ಟಯರಿನ ಮೇಲ್ಮೈ ನುಣ್ಣಗಿರುತ್ತದೆ, ಅದು ಸ್ವಲ್ಪ ಸವೆದ ಮೇಲೆಯೇ ಹಿಡಿತ ಸರಿಯಾಗಿ ಬರುವುದು. ಐವತ್ತು ಕಿಲೋಮೀಟರ್ ಆದ ಮೇಲೆ ನಟ್ಟು ಒಮ್ಮೆ ಬಿಗಿ ಮಾಡಿಸಿ ಅಂದರು. ಗಾಳಿ ನೋಡಿಸುವುದು ಬೆಳಗ್ಗೆ, ಟಯರ್ ತಣ್ಣಗಿರುವಾಗ, ಬಾಗಿಲಿನ ಹತ್ತಿರದ ಸ್ಟಿಕ್ಕರಿನಲ್ಲಿ ಇರುವಷ್ಟೇ. ಎಲ್ಲ ನೋಟ್‌ಬುಕ್ಕಿಗೆ ಹೋಯಿತು.

ಹೊಸ ಟಯರ್ ಹೇಗಿದೆ ಅಂತ ಕೇಳಿದರೆ, ಸದ್ದು ಕಡಿಮೆಯಾಗಿದೆ, ಗುಂಡಿಯಲ್ಲಿ ಮೊದಲಿನಷ್ಟು ಹೊಡೆಯುವುದಿಲ್ಲ. ಒದ್ದೆ ರಸ್ತೆಯಲ್ಲಿ ಎಷ್ಟು ಒಳ್ಳೆಯದು ಅಂತ ನಾನು ಪ್ರಾಮಾಣಿಕವಾಗಿ ಹೇಳಲಾರೆ, ಯಾಕೆಂದರೆ ಈಗ ಸೀತಾಂಗೋಳಿಯ ಆ ತಿರುವಿನಲ್ಲಿ ನಾನು ಮೂವತ್ತು ದಾಟುವುದಿಲ್ಲ. ಅಪ್ಪನ ಬಲಗಾಲು ಈಗಲೂ ಅಲ್ಲಿ ಇಲ್ಲದ ಬ್ರೇಕ್ ಒತ್ತುತ್ತದೆ.

ಜುಲೈಯಲ್ಲಿ ಆರ್‌ಸಿ ಸಿಕ್ಕಿತು, 2030ರವರೆಗೆ. ಆ ದಿನದ ಸಾಲಿನಲ್ಲಿ ಅಪ್ಪ ಬರೆದಿದ್ದಾರೆ: 'ಆರ್‌ಸಿ 2030. ಟಯರ್ 2030.' ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, 'ನನಗೆ 76.' ನಾನು ಓದಿದ್ದು ಅವರಿಗೆ ಗೊತ್ತಿಲ್ಲ.

ಸೆಪ್ಟೆಂಬರ್ 22ಕ್ಕೆ ಟಯರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಐದು ಟಯರಿಗೆ ಸಾವಿರದ ಎಂಟುನೂರು ರೂಪಾಯಿ ಹತ್ತಿರ ಉಳಿಯುತ್ತಿತ್ತು ಅಂತ ಅಪ್ಪ ಪೇಪರ್ ಹಿಡಿದುಕೊಂಡು ಬಂದು ಹೇಳಿದರು. ಮಳೆ ಮುಗಿದ ಮೇಲೆ ಹಾಕಿಸುವ ಅಂತ ನಾನು ಹೇಳಿರಲಿಲ್ವಾ ಅಂತ. ಹತ್ತು ಕಿಲೋ ಶೀಟ್. ಅಮ್ಮ ಅಡುಗೆಮನೆಯಿಂದಲೇ, "ಆ ಆಟೋದ ಹಿಂದಿನ ದೀಪಕ್ಕೆ ಎಷ್ಟು ಕಿಲೋ ಆಗ್ತಿತ್ತು?" ಅಂದರು.

ಹಳೆಯ ನಾಲ್ಕನ್ನು ಹಾಜಿಗೇ ಬಿಟ್ಟು ಬಂದೆವು. ಸ್ಟೆಪ್ನಿಯ ಟಯರನ್ನು ಬಿಡಲು ಅಪ್ಪ ಒಪ್ಪಲಿಲ್ಲ. ರಿಮ್ಮಿನಿಂದ ಬಿಡಿಸಿ ಮನೆಗೆ ತಂದು ಹೊಗೆಗೂಡಿನ ಪಕ್ಕ ಒರಗಿಸಿ ಇಟ್ಟಿದ್ದಾರೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನಲ್ಲಿ, ಆಶಾ ಕಾರ್ಯಕರ್ತೆ ಡೆಂಗಿಗಾಗಿ ಮನೆ ಮನೆ ನೋಡುತ್ತ ಬಂದರು. ತೆಂಗಿನ ಗೆರಟೆ, ಹೂವಿನ ಚಟ್ಟಿ, ರಬ್ಬರ್ ಮರದ ಚಿಪ್ಪು ಎಲ್ಲ ನೋಡಿ ಹೊಗೆಗೂಡಿನ ಹತ್ತಿರ ನಿಂತು ಟಾರ್ಚ್ ಹಾಕಿದರು. ಟಯರಿನೊಳಗೆ ಅಂಗೈಯಷ್ಟು ನೀರು, ಅದರಲ್ಲಿ ಹುಳ ಕುಣಿಯುತ್ತಿತ್ತು. ಅವರು ಟಯರನ್ನು ಉರುಳಿಸಿ ನೀರು ಚೆಲ್ಲಿ, "ಹಳೆ ಟಯರೆಲ್ಲ ಹೀಗೆ ಇಡಬಾರದು ಮಾಷೇ" ಅಂದರು.

"ಅದು ಹಳೆಯದಲ್ಲ" ಅಂದರು ಅಪ್ಪ. "ಒಮ್ಮೆಯೂ ಓಡಿಲ್ಲ."